ಕಡಲ ಪಕ್ಕದಲ್ಲೇ ಬೆಟ್ಟಸಾಲು ಏಕೆ ಏಳುತ್ತದೆ?

ಓದುಗರ ಪ್ರಶ್ನೆ: ಭೂಪಟ ನೋಡಿದರೆ ಕೆಲವು ಖಂಡಗಳ ಅಂಚಿನಲ್ಲಿ, ಸಮುದ್ರಕ್ಕೆ ಅಂಟಿಕೊಂಡ ಹಾಗೆ, ಉದ್ದಕ್ಕೂ ಬೆಟ್ಟಸಾಲು ಇದೆ. ಇನ್ನು ಕೆಲವು ಕಡೆ ಬರೀ ಬಯಲು. ಈ ಬೆಟ್ಟಗಳು ಕಡಲ ಪಕ್ಕದಲ್ಲೇ ಏಕೆ ಎದ್ದವು? ಎಲ್ಲವೂ ಒಂದೇ ರೀತಿ ಹುಟ್ಟಿದವಾ? ಬೆಟ್ಟದ ಒಂದು ಬದಿಗೆ ದಟ್ಟ ಕಾಡು, ಇನ್ನೊಂದು ಬದಿಗೆ ಒಣ ನೆಲ ಇರುತ್ತದಲ್ಲ, ಅದಕ್ಕೆ ಬೆಟ್ಟವೇ ಕಾರಣವಾ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಗೊಂದಲ ಜಾಸ್ತಿ ಇರುವುದು ಅಲ್ಲೇ. ಇಲ್ಲ, ಎಲ್ಲವೂ ಒಂದೇ ರೀತಿ ಹುಟ್ಟಿದವಲ್ಲ. ಕಡಲಂಚಿನ ಬೆಟ್ಟಗಳಲ್ಲಿ ದೊಡ್ಡದಾಗಿ ಎರಡು ಬಗೆ. ಒಂದು, ಎರಡು ನೆಲಗಳು ಒಂದಕ್ಕೊಂದು ಒತ್ತಿ ಎದ್ದ ಬೆಟ್ಟ. ಇನ್ನೊಂದು, ನೆಲ ಸೀಳಿ ದೂರ ಸರಿದಾಗ ಉಳಿದುಕೊಂಡ ಅಂಚು. ಹಡಗಿನಲ್ಲಿ ನಿಂತು ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಹುಟ್ಟು ಮಾತ್ರ ತದ್ವಿರುದ್ಧ.

ಮೊದಲ ಬಗೆಯನ್ನು ಅರ್ಥ ಮಾಡಿಕೊಳ್ಳಲು 1835ರ ಚಿಲಿ ಕರಾವಳಿಗೆ ಹೋಗೋಣ. ಆ ವರ್ಷ ಫೆಬ್ರವರಿ 20ರಂದು ಭೂಕಂಪವಾಗಿ ಕಾನ್ಸೆಪ್ಸಿಯಾನ್ ಪಟ್ಟಣ ನೆಲಸಮವಾಯಿತು. ಬೀಗಲ್ ಹಡಗಿನಲ್ಲಿ ಬಂದಿದ್ದ ಚಾರ್ಲ್ಸ್ ಡಾರ್ವಿನ್ ಆಗ ಅದೇ ಕರಾವಳಿಯಲ್ಲಿದ್ದರು. ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಆಮೇಲೆ ಹತ್ತಿರದ ಸಾಂತಾ ಮರಿಯಾ ದ್ವೀಪವನ್ನು ಅಳೆದು ನೋಡಿದರು. ಅಲ್ಲಿ ಬಂಡೆಗಳ ಮೇಲೆ ಕಪ್ಪೆಚಿಪ್ಪುಗಳು ಕಚ್ಚಿಕೊಂಡ ಹಾಗೇ ಸತ್ತು ಕೊಳೆಯುತ್ತಿದ್ದವು. ಅವು ಇದ್ದದ್ದು ಭರತದ ನೀರು ಮುಟ್ಟುವ ಗೆರೆಗಿಂತ ಸುಮಾರು 3 ಮೀಟರ್ ಮೇಲೆ! ಕಪ್ಪೆಚಿಪ್ಪು ಬಂಡೆ ಹತ್ತುವ ಪ್ರಾಣಿಯಲ್ಲ. ಹತ್ತಿದ್ದು ಬಂಡೆ. ಕೆಲವೇ ಕ್ಷಣಗಳಲ್ಲಿ, ಆಳೆತ್ತರಕ್ಕಿಂತ ಹೆಚ್ಚು.

ಡಾರ್ವಿನ್ ಅದೇ ವರ್ಷ ಆಂಡಿಸ್ ಹತ್ತಿದರು. ಸುಮಾರು 4,000 ಮೀಟರ್ ಎತ್ತರದ ಕಲ್ಲಿನಲ್ಲೂ ಕಡಲ ಚಿಪ್ಪುಗಳ ಅಚ್ಚು ಸಿಕ್ಕಿತು. ಕೆಳಗೆ ಹಸಿ ಚಿಪ್ಪು, ಮೇಲೆ ಕಲ್ಲಾದ ಚಿಪ್ಪು. ಇಂಥ ಏಟುಗಳು ಸಾವಿರಾರು ಸಲ ಬಿದ್ದರೆ ಬೆಟ್ಟಸಾಲೇ ಎದ್ದು ನಿಲ್ಲಬಹುದು ಎಂದು ಅವರು ಊಹಿಸಿದರು. ಏಕೆ ಏಳುತ್ತದೆ ಎಂದು ಹೇಳುವ ವಿಜ್ಞಾನ ಆಗ ಹುಟ್ಟಿರಲಿಲ್ಲ. ಅದಕ್ಕೆ ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಭೂಮಿಯ ಮೇಲ್ಚಿಪ್ಪು ಒಂದೇ ತುಂಡಲ್ಲ, ಹಲವು ತುಂಡುಗಳ ಜೋಡಣೆ ಎಂದು ಈಗ ಗೊತ್ತು. ಈ ತುಂಡುಗಳನ್ನು ಪ್ಲೇಟ್ ಎನ್ನುತ್ತಾರೆ. ಸಮುದ್ರದ ತಳದ ಕಲ್ಲು ತೆಳು, ಆದರೆ ಭಾರ. ಖಂಡದ ಕಲ್ಲು ದಪ್ಪ, ಆದರೆ ಹಗುರ. ಎರಡೂ ಎದುರಾದಾಗ ಭಾರದ್ದು ಹಗುರದ್ದರ ಅಡಿಗೆ ನುಗ್ಗುತ್ತದೆ. ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನಲ್ಲಿ ನಾಜ್ಕಾ ಪ್ಲೇಟ್ ಹೀಗೆ ಖಂಡದ ಕೆಳಗೆ ಇಳಿಯುತ್ತಿದೆ. ವೇಗ ವರ್ಷಕ್ಕೆ ಸುಮಾರು 7 ಸೆಂ.ಮೀ. ಇಷ್ಟೇನಾ ಅನಿಸಬಹುದು. ಲೆಕ್ಕ ಹಾಕಿ ನೋಡಿ. ಸಾವಿರ ವರ್ಷಕ್ಕೆ 70 ಮೀಟರ್. ಹತ್ತು ಲಕ್ಷ ವರ್ಷಕ್ಕೆ 70 ಕಿ.ಮೀ. ಸಮುದ್ರತಳ. ಅಷ್ಟೂ ಖಂಡದ ಅಡಿಗೆ ಹೋಗಬೇಕು.

ಇಳಿಯುವ ಜಾಗದಲ್ಲಿ ಸಮುದ್ರತಳ ಬಾಗಿ ಉದ್ದನೆಯ ಕಂದಕವಾಗುತ್ತದೆ. ಪೆರು-ಚಿಲಿ ಕಂದಕದ ಅತಿ ಆಳದ ಜಾಗ ಸುಮಾರು 8,000 ಮೀಟರ್. ಅಲ್ಲಿಂದ 300 ಕಿ.ಮೀ. ಆಸುಪಾಸಿನಲ್ಲೇ 6,000 ಮೀಟರ್ ದಾಟಿದ ಶಿಖರಗಳಿವೆ. ಆಳ ಮತ್ತು ಎತ್ತರ ಎರಡೂ ಅಕ್ಕಪಕ್ಕದಲ್ಲೇ ಸಿಗುವುದು ಆಕಸ್ಮಿಕ ಅಲ್ಲ. ಒಂದೇ ಕೆಲಸದ ಎರಡು ತುದಿಗಳು ಅವು.

ಪ್ಲೇಟ್ ಒಳಗೆ ಇಳಿಯುವಾಗ ಮೇಲಿದ್ದದ್ದೆಲ್ಲ ಸುಮ್ನೆ ಅದರ ಜೊತೆ ಹೋಗುವುದಿಲ್ಲ. ಇದನ್ನು ಮೇಜಿನ ಮೇಲೇ ಮಾಡಿ ನೋಡಬಹುದು. ಒಂದು ಹಾಳೆ ಹಾಸಿ. ಅದರ ಮೇಲೆ ಒಣ ಮರಳನ್ನು ಬೆರಳು ದಪ್ಪ ಹರಡಿ. ಒಂದು ಮರದ ಪಟ್ಟಿಯನ್ನು ಅಡ್ಡಲಾಗಿ ನಿಲ್ಲಿಸಿ ಗಟ್ಟಿಯಾಗಿ ಹಿಡಿಯಿರಿ. ಈಗ ಹಾಳೆಯನ್ನು ಪಟ್ಟಿಯ ಅಡಿಯಿಂದ ನಿಧಾನಕ್ಕೆ ಎಳೆಯಿರಿ. ಹಾಳೆ ಜಾರಿಹೋಗುತ್ತದೆ, ಮರಳು ಹೋಗುವುದಿಲ್ಲ. ಅದು ಪಟ್ಟಿಗೆ ಒತ್ತಿಕೊಂಡು ಗುಡ್ಡೆಯಾಗುತ್ತದೆ. ಮೊದಲು ಒಂದು ಮಡಿಕೆ ಏಳುತ್ತದೆ. ಅದರ ಬುಡಕ್ಕೆ ಇನ್ನೊಂದು ಸೇರಿ ಹಳೆಯದನ್ನು ಮೇಲಕ್ಕೆ ತಳ್ಳುತ್ತದೆ. ಹಾಳೆ ಅಂದರೆ ಸಮುದ್ರದ ಪ್ಲೇಟ್. ಪಟ್ಟಿ ಅಂದರೆ ಖಂಡದ ಅಂಚು. ಗುಡ್ಡೆ ಅಂದರೆ ಕರಾವಳಿಯ ಬೆಟ್ಟ.

ಅಮೆರಿಕದ ವಾಯವ್ಯ ಮೂಲೆಯ ಒಲಿಂಪಿಕ್ ಬೆಟ್ಟಗಳು ಬಹುಪಾಲು ಹೀಗೆ ಹೆರೆದು ಪೇರಿಸಿದ ಸಮುದ್ರದ ಹೂಳು. ಜೊತೆಗೆ ದಿಂಬುಗಳನ್ನು ಒತ್ತಾಗಿ ಜೋಡಿಸಿಟ್ಟ ಹಾಗೆ ಕಾಣುವ ಬಸಾಲ್ಟ್ ಕಲ್ಲೂ ಇದೆ. ಲಾವಾ ನೀರೊಳಗೆ ಉಕ್ಕಿ ಥಟ್ಟನೆ ತಣಿದರೆ ಮಾತ್ರ ಆ ಆಕಾರ ಬರುವುದು. ಬೆಟ್ಟದ ನೆತ್ತಿಯಲ್ಲಿ ದಿಂಬುಗಲ್ಲು ಕಂಡರೆ ಆ ಲಾವಾ ಒಂದು ಕಾಲದಲ್ಲಿ ನೀರೊಳಗೆ ಉಕ್ಕಿದ್ದು ಎಂದು ಕಣ್ಣು ಮುಚ್ಚಿ ಹೇಳಬಹುದು.

ಇನ್ನೊಂದು ಕಲ್ಲು ನನಗೆ ತುಂಬ ಇಷ್ಟ. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೋದರೆ ರಸ್ತೆ ಪಕ್ಕದಲ್ಲೇ ಕೆಂಪು ಚರ್ಟ್ ಕಲ್ಲಿನ ಪದರಗಳು ಕಾಣುತ್ತವೆ. ಎರಡು ಮೂರು ಬೆರಳು ದಪ್ಪದ ಪದರ, ನಡುವೆ ತೆಳ್ಳಗೆ ಜೇಡಿಗಲ್ಲು, ಮತ್ತೆ ಪದರ. ಎಲ್ಲವೂ ಬಟ್ಟೆ ಮುದುಡಿದ ಹಾಗೆ ಮಡಿಚಿಕೊಂಡಿವೆ. ಭೂತಗನ್ನಡಿ ಹಿಡಿದರೆ ಸೂಜಿಮೊನೆಯಷ್ಟು ಚುಕ್ಕಿಗಳು ಕಾಣುತ್ತವೆ. ಅವು ರೇಡಿಯೊಲೇರಿಯಾ ಎಂಬ ಕಡಲ ಸೂಕ್ಷ್ಮಜೀವಿಗಳ ಚಿಪ್ಪು. ದಡದಿಂದ ಬಲು ದೂರದ ಆಳ ಸಮುದ್ರದಲ್ಲಿ, ಸುಮಾರು 10 ಕೋಟಿ ವರ್ಷಗಳ ಕಾಲ, ಒಂದೊಂದಾಗಿ ತಳಕ್ಕೆ ಬಿದ್ದದ್ದು. ಪ್ಲೇಟ್ ಅದನ್ನು ಹೊತ್ತು ತಂದು ಖಂಡದ ಅಂಚಿಗೆ ಅಂಟಿಸಿತು.

ಒಳಕ್ಕೆ ಇಳಿದ ಪ್ಲೇಟ್ ಕೂಡ ಸುಮ್ಮನಿರುವುದಿಲ್ಲ. ಅದರ ಕಲ್ಲಿನಲ್ಲಿ ನೀರು ಸೇರಿಕೊಂಡಿರುತ್ತದೆ. ಸುಮಾರು 100 ಕಿ.ಮೀ. ಆಳ ತಲುಪುವಷ್ಟರಲ್ಲಿ ಒತ್ತಡಕ್ಕೆ, ಶಾಖಕ್ಕೆ ಆ ನೀರು ಹೊರಬೀಳುತ್ತದೆ. ನೀರು ಸೇರಿದ ಬಿಸಿ ಕಲ್ಲು ಬೇಗ ಕರಗುತ್ತದೆ. ಕರಗಿದ ಕಲ್ಲು ಮೇಲೇರಿ ಜ್ವಾಲಾಮುಖಿಯಾಗುತ್ತದೆ. ಆ ಆಳ ಸಿಗುವುದು ಕಂದಕದಿಂದ ಬಹಳ ಒಳಗೆ. ಹಾಗಾಗಿ ಇಂಥ ಕರಾವಳಿಗಳಲ್ಲಿ ಎಷ್ಟೋ ಸಲ ಎರಡು ಸಾಲು ಬೆಟ್ಟ ಕಾಣುತ್ತದೆ. ಕಡಲಿಗೆ ತಾಗಿ ತಗ್ಗಿನ ಸಾಲು, ನಡುವೆ ಉದ್ದನೆಯ ಕಣಿವೆ, ಅದರಾಚೆ ಎತ್ತರದ ಜ್ವಾಲಾಮುಖಿಗಳ ಸಾಲು. ಚಿಲಿಯಲ್ಲೂ ಇದೇ ಜೋಡಣೆ, ಅಮೆರಿಕದ ಒರೆಗಾನ್‌ನಲ್ಲೂ ಇದೇ ಜೋಡಣೆ. ಎರಡಕ್ಕೂ ನಡುವೆ ಸಾವಿರಾರು ಕಿ.ಮೀ. ದೂರ, ಆದರೆ ಕೆಳಗೆ ನಡೆಯುತ್ತಿರುವ ಕೆಲಸ ಒಂದೇ.

ಪ್ಲೇಟ್‌ಗಳು ಪಕ್ಕಪಕ್ಕದಲ್ಲಿ ಉಜ್ಜಿಕೊಂಡು ಸರಿಯುವ ಕಡೆಯೂ ಬೆಟ್ಟ ಏಳುತ್ತದೆ. ಬಿರುಕು ನೇರವಾಗಿದ್ದರೆ ಏನೂ ಆಗದು, ಬಾಗಿದ ಕಡೆ ನೆಲ ಸಿಕ್ಕಿಹಾಕಿಕೊಂಡು ಉಬ್ಬುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಬಿರುಕಿನ ಉದ್ದಕ್ಕೂ ಇದನ್ನು ನೋಡಬಹುದು.

ಒಂದು ಎಚ್ಚರಿಕೆ ಹೇಳಲೇಬೇಕು. ಭೂಕಂಪ ಅಂದರೆ ನೆಲ ಏಳುವುದೇ ಎಂದುಕೊಳ್ಳಬೇಡಿ. 1964ರ ಅಲಾಸ್ಕಾ ಭೂಕಂಪದಲ್ಲಿ ಮಾಂಟೆಗ್ಯೂ ದ್ವೀಪದ ನೆಲ ಕೆಲವೆಡೆ 11 ಮೀಟರ್ ಎದ್ದಿತು. ಅದೇ ಏಟಿಗೆ ಇನ್ನೊಂದು ಕಡೆಯ ಕರಾವಳಿ ಸುಮಾರು 2 ಮೀಟರ್ ಕುಸಿದು ಕಾಡುಗಳಿಗೆ ಉಪ್ಪುನೀರು ನುಗ್ಗಿತು. ಎದ್ದದ್ದರಲ್ಲೂ ಒಂದಷ್ಟು ಆಮೇಲೆ ನಿಧಾನಕ್ಕೆ ತಗ್ಗುತ್ತದೆ. ಎಲ್ಲ ಏರಿಳಿತ ಕಳೆದು ಉಳಿಯುವ ಚೂರು ಏರಿಕೆಯೇ ಲಕ್ಷಾಂತರ ವರ್ಷಗಳಲ್ಲಿ ಬೆಟ್ಟವಾಗುವುದು. ಪಪುವಾ ನ್ಯೂಗಿನಿಯ ಹುವಾನ್ ಪರ್ಯಾಯದ್ವೀಪದಲ್ಲಿ ಈ ಲೆಕ್ಕ ಕಣ್ಣೆದುರೇ ಇದೆ. ಅಲ್ಲಿ ಕಡಲಿಂದ ಮೇಲಕ್ಕೆ ದೈತ್ಯ ಮೆಟ್ಟಿಲುಗಳ ಹಾಗೆ ನೆಲ ಏರುತ್ತಾ ಹೋಗುತ್ತದೆ. ಪ್ರತಿ ಮೆಟ್ಟಿಲೂ ಒಂದು ಹಳೆಯ ಹವಳದ ದಿಬ್ಬ, ಅಂದರೆ ಒಂದು ಹಳೆಯ ಸಮುದ್ರತೀರ.

ಈಗ ಎರಡನೆಯ ಬಗೆ. ಬ್ರೆಜಿಲ್‌ನ ಸೆರ್ರಾ ದೊ ಮಾರ್, ಆಫ್ರಿಕಾದ ದಕ್ಷಿಣದ ಡ್ರಾಕನ್ಸ್‌ಬರ್ಗ್, ಭಾರತದ ಪಶ್ಚಿಮ ಘಟ್ಟ, ಇವುಗಳ ಮುಂದಿನ ಕಡಲಿನಲ್ಲಿ ಕಂದಕವೇ ಇಲ್ಲ. ಜ್ವಾಲಾಮುಖಿಗಳೂ ಉರಿಯುತ್ತಿಲ್ಲ. ಇಲ್ಲಿ ನಡೆದದ್ದು ಒತ್ತಾಟ ಅಲ್ಲ, ಪಾಲಾಗುವಿಕೆ. ದಕ್ಷಿಣ ಅಮೆರಿಕ ಮತ್ತು ಆಫ್ರಿಕಾ ಸುಮಾರು 13 ಕೋಟಿ ವರ್ಷಗಳ ಹಿಂದೆ ಸೀಳತೊಡಗಿದವು. ಭಾರತದಿಂದ ಮಡಗಾಸ್ಕರ್ ಸುಮಾರು 9 ಕೋಟಿ ವರ್ಷಗಳ ಹಿಂದೆ, ಸೆಶೆಲ್ಸ್ ಸುಮಾರು 6.5 ಕೋಟಿ ವರ್ಷಗಳ ಹಿಂದೆ ಬಿಟ್ಟುಹೋದವು. ಖಂಡ ಸೀಳುವಾಗ ಕೆಳಗಿನ ಶಾಖಕ್ಕೆ ಅಂಚು ಉಬ್ಬುತ್ತದೆ. ಸೀಳಿದ ಬದಿ ಕುಸಿದು ಸಮುದ್ರ ಒಳಬರುತ್ತದೆ. ಉಳಿಯುವುದು ಒಂದು ಕಡಿದಾದ ಗೋಡೆ. ಅದಕ್ಕೇ ಇಂಥ ಬೆಟ್ಟಗಳು ಕಡಲ ಕಡೆಯಿಂದ ಮಾತ್ರ ಬೆಟ್ಟ. ಮೇಲೆ ಹತ್ತಿದ ಮೇಲೆ ಆಚೆಗೆ ಇಳಿಯುವುದೇ ಇಲ್ಲ, ಪ್ರಸ್ಥಭೂಮಿ ಶುರುವಾಗುತ್ತದೆ.

ಕೋಟ್ಯಂತರ ವರ್ಷ ಕಳೆದರೂ ಈ ಗೋಡೆ ಸವೆದು ಹೋಗಲಿಲ್ಲ ಏಕೆ? ಒಂದು ಬಕೆಟ್ ನೀರಿನಲ್ಲಿ ದಪ್ಪ ಮರದ ತುಂಡು ತೇಲಿಸಿ. ಅದರ ಮೇಲ್ಭಾಗವನ್ನು ಸ್ವಲ್ಪ ಕೆತ್ತಿ ತೆಗೆದರೆ ತುಂಡು ಹಗುರವಾಗಿ ನೀರಿನಿಂದ ಇನ್ನಷ್ಟು ಮೇಲೆ ಬರುತ್ತದೆ. ಭೂಮಿಯ ಹೊರಪದರವೂ ಕೆಳಗಿನ ಭಾರದ ಕಲ್ಲಿನ ಮೇಲೆ ತೇಲಿದ ಹಾಗೇ ನಿಂತಿದೆ. ವಿಶಾಲ ಪ್ರದೇಶದಿಂದ ಸರಾಸರಿ 1,000 ಮೀಟರ್ ಕಲ್ಲು ಕೊಚ್ಚಿಹೋದರೆ ನೆಲ 800 ಮೀಟರಿಗೂ ಹೆಚ್ಚು ವಾಪಸ್ ಏಳುತ್ತದೆ. ಹಾಗಾಗಿ ಗೋಡೆ ಕರಗುವುದಕ್ಕಿಂತ ಹೆಚ್ಚಾಗಿ ಹಿಂದಕ್ಕೆ ಸರಿಯುತ್ತದೆ. ಕಡಲಿಗೂ ಬೆಟ್ಟಕ್ಕೂ ನಡುವಿನ ಕಿರಿದಾದ ಪಟ್ಟಿ ಬಹುಮಟ್ಟಿಗೆ ಹೀಗೆ ಹಿಂದೆ ಸರಿದ ಗೋಡೆ ಬಿಟ್ಟುಕೊಟ್ಟ ಜಾಗ.

ಈ ಬಗೆಯ ಬೆಟ್ಟದ ಗುರುತು ನದಿಗಳಲ್ಲಿ ಚೆನ್ನಾಗಿ ಕಾಣುತ್ತದೆ. ಬ್ರೆಜಿಲ್‌ನ ಟಿಯೆಟೆ ನದಿ ಹುಟ್ಟುವುದು ಅಟ್ಲಾಂಟಿಕ್ ಸಮುದ್ರದಿಂದ ಬರೀ 22 ಕಿ.ಮೀ. ದೂರದಲ್ಲಿ. ಆದರೆ ಅದು ಕಡಲಿಗೆ ಬೆನ್ನು ಹಾಕಿ ಒಳನಾಡಿಗೆ 1,100 ಕಿ.ಮೀ. ಹರಿದು ಪರಾನಾ ನದಿ ಸೇರುತ್ತದೆ. ಗೋದಾವರಿಯದೂ ಇದೇ ಕಥೆ. ಅರಬ್ಬಿ ಸಮುದ್ರದಿಂದ ಸುಮಾರು 80 ಕಿ.ಮೀ. ದೂರದಲ್ಲಿ ಹುಟ್ಟಿ 1,465 ಕಿ.ಮೀ. ಹರಿದು ಬಂಗಾಳ ಕೊಲ್ಲಿಗೆ ಬೀಳುತ್ತದೆ. ಪಕ್ಕದಲ್ಲೇ ಸಮುದ್ರ ಇದ್ದರೂ ನೆಲದ ಓರೆ ಆಚೆಗಿದೆ.

ಮೊದಲ ಬಗೆಯ ಬೆಟ್ಟವೂ ನದಿ ತಿರುಗಿಸಬಲ್ಲದು. ಅಮೆಜಾನ್ ಬಯಲಿನ ಪಶ್ಚಿಮ ಭಾಗದ ನೀರು ಒಂದು ಕಾಲದಲ್ಲಿ ಅಟ್ಲಾಂಟಿಕ್ ಕಡೆಗೆ ಹರಿಯುತ್ತಿರಲಿಲ್ಲ. ಆಂಡಿಸ್ ಎದ್ದು ದಾರಿ ಕಟ್ಟಿತು. ನೀರು ನಿಂತು ದೊಡ್ಡ ಜೌಗಾಯಿತು. ಬೆಟ್ಟದ ಹೂಳು ಆ ತಗ್ಗನ್ನು ತುಂಬಿದ ಮೇಲೆ, ಸುಮಾರು ಒಂದು ಕೋಟಿ ವರ್ಷಗಳ ಹಿಂದೆ, ನದಿ ಪೂರ್ವಕ್ಕೆ ದಾರಿ ಮಾಡಿಕೊಂಡಿತು. ಲೋಕದ ಅತಿ ದೊಡ್ಡ ನದಿಯ ದಿಕ್ಕನ್ನೇ ಒಂದು ಕರಾವಳಿ ಬೆಟ್ಟ ಬದಲಿಸಿತು ಅಂದರೆ ಎಂಥ ಮಾತು ಅಲ್ವಾ!

ಇನ್ನು ಮಳೆ. ಹೌದು, ಬೆಟ್ಟವೇ ಕಾರಣ. ಆದರೆ ಗಾಳಿಯೂ ಕೈ ಸೇರಿಸಬೇಕು. ಕಡಲಿಂದ ಬಂದ ಒಂದು ಹಿಡಿ ಗಾಳಿಯ ಬೆನ್ನು ಹತ್ತಿ ಹೋಗೋಣ. ದಡದಲ್ಲಿ ಅದರ ಬಿಸಿ 25 ಡಿಗ್ರಿ ಅಂತಿಟ್ಟುಕೊಳ್ಳಿ. ಎದುರಿಗೆ 3,000 ಮೀಟರ್ ಬೆಟ್ಟ. ಗಾಳಿ ಹತ್ತಲೇಬೇಕು. ಮೇಲೆ ಒತ್ತಡ ಕಡಿಮೆ, ಹಾಗಾಗಿ ಗಾಳಿ ಹಿಗ್ಗಿ ತಣ್ಣಗಾಗುತ್ತದೆ. ಒಂದು ಕಿ.ಮೀ.ಗೆ ಸುಮಾರು 10 ಡಿಗ್ರಿ ಇಳಿಯುತ್ತದೆ. 1,000 ಮೀಟರಿನಲ್ಲಿ 15 ಡಿಗ್ರಿ. ಅಲ್ಲಿ ಮೋಡ ಕಟ್ಟಿತು ಅನ್ನೋಣ. ಆವಿ ಹನಿಯಾಗುವಾಗ ಶಾಖ ಬಿಡುತ್ತದೆ. ಅದರಿಂದ ಮುಂದೆ ತಣಿಯುವ ವೇಗ ಕಡಿಮೆಯಾಗುತ್ತದೆ, ಕಿ.ಮೀ.ಗೆ ಸುಮಾರು 6 ಡಿಗ್ರಿ. ನೆತ್ತಿ ತಲುಪಿದಾಗ 3 ಡಿಗ್ರಿ. ದಾರಿಯುದ್ದಕ್ಕೂ ಮಳೆ ಸುರಿದು ನೀರು ಖಾಲಿಯಾಗಿದೆ. ಈಗ ಆಚೆಗೆ ಇಳಿಯುತ್ತದೆ. ಇಳಿಯುವಾಗ ಮೋಡ ಇಲ್ಲ, ಪೂರ್ತಿ 10 ಡಿಗ್ರಿಯ ಲೆಕ್ಕದಲ್ಲಿ ಬಿಸಿಯಾಗುತ್ತದೆ. ಬುಡಕ್ಕೆ ಬಂದಾಗ 33 ಡಿಗ್ರಿ! ಹೊರಟದ್ದಕ್ಕಿಂತ 8 ಡಿಗ್ರಿ ಹೆಚ್ಚು ಬಿಸಿ, ಮೈಯೆಲ್ಲ ಒಣ. ಬೆಟ್ಟದ ಹಿಂದೆ ಮಳೆ ಬರುವುದಿಲ್ಲ ಅನ್ನುವುದು ಅರ್ಧ ಮಾತು. ಅಲ್ಲಿ ಬೀಸುವ ಗಾಳಿ ನೆಲದಲ್ಲಿ ಇದ್ದ ತೇವವನ್ನೂ ಹೀರಿಕೊಳ್ಳುತ್ತದೆ. ಇದಕ್ಕೇ ಮಳೆ ನೆರಳು ಎನ್ನುವುದು.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಪಶ್ಚಿಮದ ಗಾಳಿ ಸದರ್ನ್ ಆಲ್ಪ್ಸ್‌ಗೆ ನೇರವಾಗಿ ಬಡಿಯುತ್ತದೆ. ಅಲ್ಲಿನ ಕ್ರಾಪ್ ನದಿ ಕಣಿವೆಯಲ್ಲಿ ವರ್ಷಕ್ಕೆ 11,000 ಮಿ.ಮೀ.ಗೂ ಹೆಚ್ಚು ಮಳೆ. ಬೆಟ್ಟದಾಚೆಯ ಮಧ್ಯ ಒಟಾಗೊ ಬಯಲಿನಲ್ಲಿ 400 ಮಿ.ಮೀ. ಬಂದರೆ ದೊಡ್ಡದು.

ಗಾಳಿಯ ದಿಕ್ಕು ಬದಲಾದರೆ ನೆರಳೂ ಬದಲಾಗುತ್ತದೆ. ಇದಕ್ಕೆ ಆಂಡಿಸ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಉತ್ತರಕ್ಕೆ, ಪೆರುವಿನ ಆಸುಪಾಸಿನಲ್ಲಿ, ಗಾಳಿ ಪೂರ್ವದಿಂದ ಬರುತ್ತದೆ. ಅಮೆಜಾನ್ ಬದಿ ಕಾಡು, ಪೆಸಿಫಿಕ್ ಬದಿ ಮರುಭೂಮಿ. ದಕ್ಷಿಣ ಭಾಗದಲ್ಲಿ ಗಾಳಿ ಪಶ್ಚಿಮದಿಂದ. ಅಲ್ಲಿ ಪೆಸಿಫಿಕ್ ಬದಿ ಮಳೆಕಾಡು, ಆಚೆಯ ಪಟಗೋನಿಯಾ ಒಣ ಬಯಲು. ಬೆಟ್ಟ ಅದೇ, ನೆರಳು ಮಗ್ಗುಲು ಬದಲಿಸಿತು.

ಉತ್ತರ ಚಿಲಿಯ ಅಟಕಾಮಾ ಮರುಭೂಮಿ ಅಷ್ಟು ಒಣಗಲು ಬೆಟ್ಟದ ಜೊತೆ ದಡದ ಪಕ್ಕ ಕಡಲಲ್ಲಿ ಹರಿಯುವ ತಣ್ಣನೆಯ ಹಂಬೋಲ್ಟ್ ಸಾಗರ ಪ್ರವಾಹವೂ ಕಾರಣ. ತಣ್ಣೀರಿನ ಮೇಲಿನ ಗಾಳಿ ಮೇಲೇಳುವುದಿಲ್ಲ, ಮಳೆ ಮೋಡ ಕಟ್ಟುವುದಿಲ್ಲ. ಅಲ್ಲಿನ ಅರಿಕಾ ಪಟ್ಟಣದಲ್ಲಿ 1903ರ ಅಕ್ಟೋಬರ್‌ನಿಂದ 1918ರ ಜನವರಿವರೆಗೆ ಒಂದು ಹನಿ ಮಳೆಯೂ ಬೀಳಲಿಲ್ಲ. ಸಮುದ್ರ ಕಣ್ಣೆದುರಿಗೇ ಇತ್ತು! ಆದರೆ ಅದೇ ತಣ್ಣೀರು ಮಂಜು ಹುಟ್ಟಿಸುತ್ತದೆ. ಆ ಮಂಜು ಕರಾವಳಿಯ ಗುಡ್ಡಗಳಿಗೆ ತಾಗಿದ ಎತ್ತರದಲ್ಲಿ ಮಾತ್ರ ಹಸಿರು ಪಟ್ಟಿ ಇರುತ್ತದೆ. ಕೆಳಗೆ ಒಣ, ಮೇಲೂ ಒಣ, ನಡುವೆ ಹಸಿರು. ಕ್ಯಾಲಿಫೋರ್ನಿಯಾದ ಕರಾವಳಿ ಬೆಟ್ಟಗಳ ರೆಡ್‌ವುಡ್ ಮರಗಳೂ ಬೇಸಿಗೆಯಲ್ಲಿ ಬದುಕುವುದು ಮಂಜಿನ ಮೇಲೆ. 100 ಮೀಟರ್ ದಾಟಿ ಬೆಳೆಯುವ ಮರಗಳು ಅವು. ಸೂಜಿಯಂಥ ಎಲೆಗಳಲ್ಲಿ ಮಂಜು ಹನಿಗಟ್ಟಿ ತೊಟ್ಟಿಕ್ಕುತ್ತದೆ. ಆಕಾಶದಲ್ಲಿ ಮಳೆ ಇಲ್ಲ, ಮರದಡಿಯ ನೆಲ ಮಾತ್ರ ಒದ್ದೆ.

ಇಂಥ ಬೆಟ್ಟಗಳು ಸ್ವಲ್ಪ ಜಾಗದಲ್ಲೇ ಹಲವು ಹವೆಗಳನ್ನು ಪೇರಿಸಿಡುತ್ತವೆ. ಕೊಲಂಬಿಯಾದ ಸಾಂತಾ ಮಾರ್ತಾ ಬೆಟ್ಟ ಕೆರಿಬಿಯನ್ ಕಡಲಿಂದ ಸುಮಾರು 42 ಕಿ.ಮೀ. ಒಳಗೆ 5,700 ಮೀಟರ್ ಮುಟ್ಟುತ್ತದೆ. ಬುಡದಲ್ಲಿ ಬಿಸಿಲ ಕಡಲತೀರ, ನೆತ್ತಿಯಲ್ಲಿ ಹಿಮ. ಮೇಲಿನ ತಂಪಿಗೆ ಒಗ್ಗಿದ ಜೀವಿ ಕೆಳಗಿನ ಸೆಕೆ ದಾಟಿ ಇನ್ನೊಂದು ಬೆಟ್ಟಕ್ಕೆ ಹೋಗಲಾರದು. ಹಾಗಾಗಿ ಬೇರೆಲ್ಲೂ ಇಲ್ಲದ ಕಪ್ಪೆ, ಹಕ್ಕಿ, ಗಿಡಗಳು ಅಲ್ಲೇ ರೂಪುಗೊಂಡಿವೆ.

ಅಪಾಯವನ್ನೂ ಹೇಳಬೇಕು. ಕಡಿದಾದ ಬೆಟ್ಟ ನೀರಿಗೆ ತಾಗಿರುವ ಕಡೆ ಬೆಟ್ಟ ಜಾರಿದರೆ ಅಲೆ ಏಳುತ್ತದೆ. 1958ರ ಜುಲೈ 9ರಂದು ಅಲಾಸ್ಕಾದ ಲಿಟುಯಾ ಕೊಲ್ಲಿಯಲ್ಲಿ ಭೂಕಂಪಕ್ಕೆ ಬೆಟ್ಟದ ಒಂದು ಮಗ್ಗುಲು ಕಳಚಿ ನೀರಿಗೆ ಬಿತ್ತು. ಎದುರು ಗುಡ್ಡದಲ್ಲಿ 524 ಮೀಟರ್ ಎತ್ತರದವರೆಗೆ ಮರಗಳು ಬೋಳಿಸಿದ ಹಾಗೆ ಕಿತ್ತುಹೋದವು. ಕಿರಿದಾದ ಕೊಲ್ಲಿಗಳ ದಡದಲ್ಲಿ ಇರುವವರಿಗೆ ನೆಲ ಜೋರಾಗಿ ಅಲುಗಿದ್ದೇ ಎಚ್ಚರಿಕೆ. ಬೇರೆ ಸೂಚನೆಗೆ ಕಾಯದೆ ಎತ್ತರಕ್ಕೆ ಓಡಬೇಕು.

ಭೂಪಟದಲ್ಲೇ ಬೆಟ್ಟದ ಬಗೆ ಗುರುತಿಸುವ ಆಸೆ ಇದ್ದರೆ, ಸಮುದ್ರದ ಆಳವನ್ನೂ ತೋರಿಸುವ ಪಟ ತೆಗೆದುಕೊಳ್ಳಿ. ದಡದಿಂದ ಸ್ವಲ್ಪ ದೂರಕ್ಕೇ ನೀರು ಗಾಢ ನೀಲಿಯಾಗಿ, ಉದ್ದನೆಯ ಕಂದಕ ಕಂಡರೆ ಅದು ಒತ್ತಿ ಎದ್ದ ಬೆಟ್ಟ. ತೆಳು ನೀಲಿ ಬಣ್ಣ ಬಹಳ ದೂರ ಹರಡಿ, ನದಿಗಳು ಕಡಲಿಗೆ ಬೆನ್ನು ಹಾಕಿ ಹರಿಯುತ್ತಿದ್ದರೆ ಅದು ಸೀಳಿದ ಅಂಚು. ನಾರ್ವೆಯಂಥ ಕಡೆ ಈ ಗುರುತು ಸಾಲದು. ಅಲ್ಲಿನ ಕಲ್ಲು 40 ಕೋಟಿ ವರ್ಷಗಳ ಹಿಂದೆಯೇ ಮಡಿಚಿದ್ದು, ಆಕಾರ ಕೊಟ್ಟದ್ದು ಬಹಳ ಈಚಿನ ಹಿಮನದಿಗಳು.

ಕೊನೆಗೆ, ನೀವು ಕೇಳದ ಒಂದು ಪ್ರಶ್ನೆ. ನನ್ನ ಪ್ರಕಾರ ಈ ವಿಷಯದಲ್ಲಿ ಅತಿ ಸೊಗಸಾದ ಭಾಗ ಇದೇ. ಬೆಟ್ಟ ಮಳೆಯನ್ನು ತರುತ್ತದೆ ಸರಿ, ಆ ಮಳೆ ಬೆಟ್ಟಕ್ಕೆ ಏನು ಮಾಡುತ್ತದೆ? ಸದರ್ನ್ ಆಲ್ಪ್ಸ್ ಕೆಲವೆಡೆ ವರ್ಷಕ್ಕೆ 1 ಸೆಂ.ಮೀ. ಹತ್ತಿರ ಏಳುತ್ತಿದೆ. ಆ ವೇಗದಲ್ಲಿ ಹತ್ತು ಲಕ್ಷ ವರ್ಷಕ್ಕೆ 10 ಕಿ.ಮೀ. ಎತ್ತರ ಆಗಬೇಕಿತ್ತು. ಆದರೆ ಅಲ್ಲಿನ ಅತಿ ಎತ್ತರದ ಶಿಖರ ಔರಾಕಿ 3,724 ಮೀಟರ್ ಅಷ್ಟೇ. ಮಿಕ್ಕಿದ್ದನ್ನೆಲ್ಲ ಮಳೆ, ಹಿಮ, ಕುಸಿತ ಸೇರಿ ಕಡಲಿಗೆ ಸಾಗಿಸಿವೆ. ಮಳೆ ಜಾಸ್ತಿ ಬೀಳುವ ಪಶ್ಚಿಮ ಬದಿಯಲ್ಲೇ ಸವೆತ ಜಾಸ್ತಿ. ಮೇಲಿನ ಹೊರೆ ಇಳಿದಂತೆ ಅಡಿಯ ಕಲ್ಲು ಬೇಗ ಮೇಲೆ ಬರುತ್ತದೆ. ಒಂದು ಕಾಲದಲ್ಲಿ ಹತ್ತಾರು ಕಿ.ಮೀ. ಆಳದಲ್ಲಿ ಬೆಂದ ಕಲ್ಲನ್ನು ಆ ಬದಿಯಲ್ಲಿ ಕೈಯಿಂದ ಮುಟ್ಟಬಹುದು.

ಮಳೆಯೇ ಇಲ್ಲದ ಕಡೆ ಹೇಗೆ? ಅಟಕಾಮಾ ಎದುರಿನ ಆಂಡಿಸ್ ಸವೆಯುವುದು ತೀರಾ ಕಡಿಮೆ. ಅಲ್ಲಿ ಬೆಟ್ಟ ಎತ್ತರವೂ ಹೌದು, ನೂರಾರು ಕಿ.ಮೀ. ಅಗಲವೂ ಹೌದು. ನದಿಗಳು ಹೂಳು ತರದ ಕಾರಣ ಮುಂದಿನ ಕಂದಕ ಬಹುಪಾಲು ಖಾಲಿ. ಹೂಳಿಲ್ಲದ ಕಂದಕದಲ್ಲಿ ಪ್ಲೇಟ್‌ಗಳ ನಡುವೆ ಜಾರಲು ಕೆಸರು ಸಾಲದೆ ಉಜ್ಜಾಟ ಹೆಚ್ಚಿ, ಅದೇ ಬೆಟ್ಟವನ್ನು ಇನ್ನಷ್ಟು ಎತ್ತಿ ಹಿಡಿದಿದೆ ಎಂಬ ವಾದವೂ ಭೂವಿಜ್ಞಾನಿಗಳಲ್ಲಿದೆ. ನನಗೆ ಅದು ಬಲವಾದ ವಾದ ಅನಿಸುತ್ತದೆ. ಮಳೆ ಸುರಿಯುವ ದಕ್ಷಿಣ ಚಿಲಿಯ ಎದುರು ಚಿತ್ರವೇ ಬೇರೆ. ಅಲ್ಲಿ ಆಂಡಿಸ್ ತಗ್ಗು, ಕಂದಕದ ತುಂಬ ಹೂಳು. ನದಿ ಮತ್ತು ಹಿಮನದಿ ಕೆಳಗೆ ತಂದ ಬೆಟ್ಟದ ಮಣ್ಣು ಅದು. ಅದರಲ್ಲಿ ಒಂದು ಪಾಲು ಪ್ಲೇಟ್ ಜೊತೆ ಒಳಕ್ಕೆ ಹೋಗುತ್ತದೆ. ಇನ್ನೊಂದು ಪಾಲನ್ನು ಖಂಡದ ಅಂಚು ಮೇಜಿನ ಮೇಲಿನ ಮರಳಿನ ಹಾಗೆ ಹೆರೆದು, ಮಡಿಚಿ, ಮತ್ತೆ ದಡದ ಬುಡಕ್ಕೆ ಪೇರಿಸುತ್ತಿದೆ.